ತರಬೇತುದಾರನ ಹೆಸರಷ್ಟೇ ಸಾಲದು

ಮಾನ್ಯ ಸಂಪಾದಕರೆ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ‘ಗ್ಲೋರಿ ರೋಡ್’ ಚಲನಚಿತ್ರದ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ವರ್ಣಭೇದ ಇನ್ನೂ ದಿನಬಳಕೆಯ ಮಾತಾಗಿದ್ದ ಕಾಲದಲ್ಲಿ, ಕಪ್ಪುವರ್ಣೀಯ ಹುಡುಗರೇ ಆಡಿದ ಬ್ಯಾಸ್ಕೆಟ್‌ಬಾಲ್ ತಂಡವೊಂದು ಕಾಲೇಜುಗಳ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಕಥೆಯನ್ನು ಹೇಳುವ ಈ 2006ರ ಚಿತ್ರವನ್ನು ನಮ್ಮ ಕಲ್ಯಾಣ ಕರ್ನಾಟಕದ ಕ್ರೀಡಾ ವಸತಿನಿಲಯಗಳ ಮಕ್ಕಳಿಗೆ ತೋರಿಸಬೇಕೆಂದು ಲೇಖಕರು ಬರೆದಿದ್ದಾರೆ. ಆ ಸಲಹೆಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಈಗಿನ ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತಮೂರು ವರ್ಷ ದೈಹಿಕ ಶಿಕ್ಷಕನಾಗಿ, ಹಳ್ಳಿಯವರ ಬಾಯಲ್ಲಿ ಪಿ.ಟಿ. ಮಾಸ್ತರನಾಗಿ ಇದ್ದವನು ಬೇರೆ ಏನು ತಾನೆ ಹೇಳಿಯಾನು? ನನ್ನ ತಕರಾರು ಇರುವುದು ಇನ್ನೊಂದು ಕಡೆ. ಲೇಖನದಲ್ಲಿ ತರಬೇತುದಾರ ಡಾನ್ ಹ್ಯಾಸ್ಕಿನ್ಸ್ ಅವರ ಹೆಸರು ಹನ್ನೊಂದು ಸಲ ಬಂದಿದೆ. ಪೆನ್ಸಿಲ್ ಹಿಡಿದು ಎಣಿಸಿದ್ದೇನೆ. ಆಡಿ ಗೆದ್ದ ಹುಡುಗರಲ್ಲಿ ಒಬ್ಬನ ಹೆಸರೂ ಇಲ್ಲ.

ಇದು ಲೇಖಕರೊಬ್ಬರದೇ ತಪ್ಪಲ್ಲ. ಚಿತ್ರವೇ ಆ ದಾರಿಗೆ ಎಳೆಯುತ್ತದೆ. ಅದರಲ್ಲಿ ಹ್ಯಾಸ್ಕಿನ್ಸ್ ಹೆಣ್ಣುಮಕ್ಕಳ ಶಾಲಾ ತಂಡಕ್ಕೆ ತರಬೇತಿ ಕೊಡುವುದನ್ನು ಬಿಟ್ಟು, ಎಲ್ ಪಾಸೊ ಪಟ್ಟಣದ ಟೆಕ್ಸಸ್ ವೆಸ್ಟರ್ನ್ ಕಾಲೇಜಿಗೆ ಬರುತ್ತಾರೆ, ದೂರದ ನಗರಗಳಿಂದ ಕಪ್ಪು ಹುಡುಗರನ್ನು ಹುಡುಕಿ ತರುತ್ತಾರೆ, ಬಂದ ವರ್ಷವೇ ಪ್ರಶಸ್ತಿ ಗೆಲ್ಲಿಸುತ್ತಾರೆ. ನಡೆದದ್ದು ಹಾಗಲ್ಲ. ಅವರು ಆ ಕಾಲೇಜಿಗೆ ಬಂದದ್ದು 1961ರಲ್ಲಿ. ಪ್ರಶಸ್ತಿ ಬಂದದ್ದು 1966ರಲ್ಲಿ. ಅವರು ಕಾಲಿಡುವ ಐದು ವರ್ಷ ಮೊದಲೇ, 1956ರಲ್ಲಿ, ಚಾರ್ಲಿ ಬ್ರೌನ್ ಎಂಬ ಕಪ್ಪುವರ್ಣೀಯ ಆಟಗಾರ ಆ ಕಾಲೇಜಿನ ತಂಡವನ್ನು ಸೇರಿಯಾಗಿತ್ತು. ಅವರು ಬಂದಾಗ ತಂಡದಲ್ಲಿ ಆಗಲೇ ಆಡುತ್ತಿದ್ದ ನೋಲನ್ ರಿಚರ್ಡ್‌ಸನ್ ಎಂಬ ಎಲ್ ಪಾಸೊದ ಕಪ್ಪು ಹುಡುಗ ಮುಂದೆ ತಾನೇ ತರಬೇತುದಾರನಾಗಿ, 1994ರಲ್ಲಿ ಆರ್ಕನ್‌ಸಾ ವಿಶ್ವವಿದ್ಯಾಲಯಕ್ಕೆ ಅದೇ ರಾಷ್ಟ್ರೀಯ ಪ್ರಶಸ್ತಿಯನ್ನು ಗೆಲ್ಲಿಸಿಕೊಟ್ಟ. ಮೆಕ್ಸಿಕೋ ಗಡಿಗೆ ಅಂಟಿಕೊಂಡ ಆ ಊರಿನಲ್ಲಿ ಬಾಗಿಲು ಒಬ್ಬ ಪುಣ್ಯಾತ್ಮ ಬಂದು ಒದ್ದಾಗ ಒಮ್ಮೆಗೇ ತೆರೆದುಕೊಳ್ಳಲಿಲ್ಲ; ಹತ್ತು ವರ್ಷ ಅದನ್ನು ಒಳಗಿನವರೂ ಹೊರಗಿನವರೂ ಸೇರಿ ಸ್ವಲ್ಪಸ್ವಲ್ಪವೇ ತಳ್ಳಿದ್ದರು. ಎರಡು ಗಂಟೆಯ ಸಿನಿಮಾದಲ್ಲಿ ಹತ್ತು ವರ್ಷ ಹಿಡಿಸುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ಹಿಡಿಸದೆ ಉಳಿದದ್ದನ್ನು ಪತ್ರಿಕೆಯಾದರೂ ಹೇಳಬೇಕಲ್ಲವೆ?

ಇನ್ನು ಅಂತಿಮ ಪಂದ್ಯ. 1966ರ ಮಾರ್ಚ್ 19ರ ರಾತ್ರಿ, ಮೇರಿಲ್ಯಾಂಡ್ ರಾಜ್ಯದ ಕಾಲೇಜ್ ಪಾರ್ಕ್‌ನ ಕೋಲ್ ಫೀಲ್ಡ್ ಹೌಸ್‌ನಲ್ಲಿ ಟೆಕ್ಸಸ್ ವೆಸ್ಟರ್ನ್ ತಂಡವು ಕೆಂಟಕಿ ವಿಶ್ವವಿದ್ಯಾಲಯವನ್ನು 72–65ರಿಂದ ಸೋಲಿಸಿತು. ಕೆಂಟಕಿ ಆಗ ದೇಶದ ಮೊದಲ ಶ್ರೇಯಾಂಕದ ತಂಡ; ಅದರ ತರಬೇತುದಾರ ಅಡಾಲ್ಫ್ ರಪ್ ಅದುವರೆಗೆ ನಾಲ್ಕು ರಾಷ್ಟ್ರೀಯ ಪ್ರಶಸ್ತಿ ಗೆದ್ದವರು; ತಂಡದಲ್ಲಿದ್ದವರೆಲ್ಲ ಬಿಳಿಯರು. ಎದುರಿಗೆ ಅಂಕಣಕ್ಕಿಳಿದ ಐವರೂ ಕಪ್ಪುವರ್ಣೀಯರು. ಹನ್ನೆರಡು ಮಂದಿಯ ಟೆಕ್ಸಸ್ ವೆಸ್ಟರ್ನ್ ತಂಡದಲ್ಲಿ ಬಿಳಿಯರೂ ಇದ್ದರು, ಮೆಕ್ಸಿಕನ್ ಮೂಲದವನೊಬ್ಬನೂ ಇದ್ದ. ಆದರೆ ಆ ರಾತ್ರಿ ಬದಲಿಗಳೂ ಸೇರಿ ಆಡಿದ ಏಳು ಮಂದಿಯೂ ಕಪ್ಪುವರ್ಣೀಯರೇ. ಚಿತ್ರ ನೋಡಿದವರಿಗೆ ಅದು ಹಿಂದಿನ ರಾತ್ರಿ ತರಬೇತುದಾರ ಮಾಡಿದ ಐತಿಹಾಸಿಕ ತೀರ್ಮಾನ ಎಂಬ ಭಾವನೆ ಉಳಿಯುತ್ತದೆ. ಆದರೆ ಆ ಋತುವಿನಲ್ಲಿ ಐವರು ಕಪ್ಪುವರ್ಣೀಯರು ಒಟ್ಟಿಗೆ ಆಟ ಆರಂಭಿಸಿದ್ದು ಅದೇ ಮೊದಲಲ್ಲ. ಅಂತಿಮ ಪಂದ್ಯದಲ್ಲಿ ಯಾವುದೇ ತಂಡ ಹಾಗೆ ಇಳಿದದ್ದು ಮೊದಲು, ಅಷ್ಟೆ. ಹ್ಯಾಸ್ಕಿನ್ಸ್ ಬದುಕಿದ್ದಷ್ಟು ಕಾಲವೂ, ನನ್ನ ಬಳಿಯಿದ್ದ ಒಳ್ಳೆಯ ಆಟಗಾರರನ್ನು ನಾನು ಆಡಿಸಿದೆ ಎಂಬ ಅರ್ಥದ ಮಾತನ್ನೇ ಹೇಳುತ್ತ ಬಂದರು. ಅದನ್ನು ಅವರ ವಿನಯವೆಂದು ಹೊಗಳಿ ಮುಂದೆ ಹೋಗುವುದು ಸುಲಭ. ಆ ಮಾತು ಎಷ್ಟು ಕಷ್ಟದ್ದು ಎಂಬುದು ತಂಡ ಆರಿಸಿದವರಿಗೆ ಮಾತ್ರ ಗೊತ್ತು.

ಯಾಕೆಂದರೆ ಆ ದಿನಗಳಲ್ಲಿ ಅಮೆರಿಕದ ತರಬೇತುದಾರರ ನಡುವೆ ಎಲ್ಲಿಯೂ ಬರೆದಿಡದ ಒಂದು ಲೆಕ್ಕವಿತ್ತು. ತವರಿನಲ್ಲಿ ಆಡುವಾಗ ಇಬ್ಬರು ಕಪ್ಪುವರ್ಣೀಯರು, ಪರಸ್ಥಳದಲ್ಲಿ ಮೂವರು, ಸೋಲು ಕಣ್ಣೆದುರಿಗೆ ಬಂದರೆ ನಾಲ್ವರು. ಸಂಖ್ಯೆ ಬಾಯಿಂದ ಬಾಯಿಗೆ ಒಂದೆರಡು ಹೆಚ್ಚುಕಡಿಮೆ ಆಗುತ್ತಿತ್ತು, ಲೆಕ್ಕ ಮಾತ್ರ ಅದೇ: ಐವರಲ್ಲಿ ಒಬ್ಬನಾದರೂ ಬಿಳಿಯ ಇರಲೇಬೇಕು. 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿನ ಪ್ರತ್ಯೇಕತೆ ಸಂವಿಧಾನಬಾಹಿರವೆಂದು ಹೇಳಿಯಾಗಿತ್ತು. 1964ರ ನಾಗರಿಕ ಹಕ್ಕುಗಳ ಕಾಯ್ದೆ ಹೋಟೆಲು, ಖಾನಾವಳಿಗಳ ಬಾಗಿಲನ್ನು ತೆರೆಸಿಯಾಗಿತ್ತು. ಆದರೂ 1966ರಲ್ಲಿ ಕೆಂಟಕಿ ಸೇರಿದ್ದ ಆಗ್ನೇಯ ವಲಯದ ಕೂಟದ ಯಾವ ಕಾಲೇಜಿನ ಮುಖ್ಯ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿಯೂ ಒಬ್ಬ ಕಪ್ಪುವರ್ಣೀಯ ಆಡಿರಲಿಲ್ಲ. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಪೆರಿ ವಾಲೇಸ್ 1967ರಲ್ಲಿ ಆ ಗೆರೆ ದಾಟಿದರು. ಕಾಯ್ದೆ ಹೋಟೆಲಿನ ಬೋರ್ಡನ್ನು ಇಳಿಸಬಲ್ಲುದು. ಮಾಸ್ತರನ ತಲೆಯೊಳಗಿನ ಲೆಕ್ಕಕ್ಕೆ ಅದರ ಕೈ ಎಟುಕುವುದಿಲ್ಲ.

ಈ ಲೆಕ್ಕವನ್ನು ನಾನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ಕುಳಿತೆ. ಅದನ್ನು ನಾನೇ ಮಾಡಿದ್ದೆ.

1987ರ ಮಾತು. ಈಗ ಯಾದಗಿರಿ ಜಿಲ್ಲೆಗೆ ಸೇರಿರುವ, ಆಗ ಗುಲಬರ್ಗಾ ಜಿಲ್ಲೆಯಲ್ಲೇ ಇದ್ದ ಒಂದು ಹಳ್ಳಿಯ ಶಾಲೆಯಲ್ಲಿ ನನ್ನ ವಾಲಿಬಾಲ್ ತಂಡ ಬಹಳ ಚೆನ್ನಾಗಿತ್ತು. ಆರು ಜನರ ಆಟ. ಕಣ್ಣು ಮುಚ್ಚಿ ಆರಿಸಿದರೂ ಮೊದಲ ಐವರು ಊರ ಹೊರಗಿನ ಕೇರಿಯ ಹುಡುಗರು. ಅವರಲ್ಲಿ ಒಬ್ಬ ಲಿಫ್ಟರ್, ಅಂದರೆ ಹೊಡೆಯುವವನಿಗೆ ಚೆಂಡು ಎತ್ತಿಕೊಡುವವನು, ಇದ್ದ. ಚೆಂಡು ಅವನ ಬೆರಳ ತುದಿಯಿಂದ ನೆಟ್ಟಿನ ಮೇಲೆ ಏಳುವುದನ್ನು ನೋಡಿದರೆ, ಅದನ್ನು ಯಾರೋ ಮೇಲಿನಿಂದ ದಾರ ಹಾಕಿ ಎತ್ತುತ್ತಿದ್ದಾರೆ ಅನ್ನಿಸುತ್ತಿತ್ತು. ತಾಲ್ಲೂಕು ಮಟ್ಟದ ಪಂದ್ಯಕ್ಕೆ ಹೋಗಲು ಟ್ರ್ಯಾಕ್ಟರ್ ಕೊಡುವವರು ಊರಿನ ದೊಡ್ಡವರೊಬ್ಬರು, ಹುಡುಗರಿಗೆ ರೊಟ್ಟಿ ಬುತ್ತಿ ಕಟ್ಟಿಸುವವರೂ ಅವರೇ. ಅವರು ನನಗೆ ಏನನ್ನೂ ಹೇಳಲಿಲ್ಲ. ಶಾಲೆಯ ಹಿರಿಯರೊಬ್ಬರು ಮಾತ್ರ, “ಸ್ವಲ್ಪ ಎಲ್ಲಾರ್ನೂ ನೋಡ್ಕೊಂಡು ಹೋಗ್ರಿ ಮಾಸ್ತರ” ಅಂದರು. ಅಷ್ಟು ಸಾಕಾಯಿತು. ಕೇರಿಯ ಮೂವರು, ಊರೊಳಗಿನ ಮೂವರು ಎಂದು ತಂಡ ಬರೆದುಕೊಟ್ಟೆ. ಲಿಫ್ಟರ್ ಹುಡುಗ ಹೊರಗುಳಿದ. ಪಟ್ಟಿ ಓದಿ ಮುಗಿಸಿದ ಮೇಲೆ ಅವನು, “ನಾ ಬರ್ಲೇನ್ರಿ ಸರ್, ಸುಮ್ನ ನೋಡಾಕ?” ಎಂದು ಕೇಳಿದ. ಬಾ ಎಂದೆ. ನೀರಿನ ಬಿಂದಿಗೆಯನ್ನು ಅವನ ಕೈಗೆ ಕೊಡುವಂತಿರಲಿಲ್ಲ, ಉಳಿದ ಮೂವರು ಕುಡಿಯುವುದಿಲ್ಲವಲ್ಲ. ಆದ್ದರಿಂದ ನೆಟ್ಟು ಮತ್ತು ಚೆಂಡಿನ ಚೀಲ ಹೊರಿಸಿದೆ.

ಆ ಸಲ ನಾವು ತಾಲ್ಲೂಕಿನಲ್ಲಿ ಗೆದ್ದೆವು. ಸೋತಿದ್ದರೆ ಒಳ್ಳೆಯದಿತ್ತೇನೋ, ಯಾರಾದರೂ ನನ್ನನ್ನು ಕೇಳುತ್ತಿದ್ದರು. ಗೆದ್ದದ್ದರಿಂದ ಲೆಕ್ಕ ಸರಿಯಿದೆ ಎಂದಾಯಿತು, ಊರಿನಲ್ಲಿ ನನಗೆ ಶಾಲು ಹೊದಿಸಿದರು. ಇಲ್ಲಿನ ಜಾತಿಯೂ ಅಲ್ಲಿನ ಬಣ್ಣವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅವೆರಡರ ಇತಿಹಾಸ ಬೇರೆ, ನೋವಿನ ಬಗೆಯೂ ಬೇರೆ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ತೆಗೆದುಹಾಕಿ ಆಗಲೇ ಮೂವತ್ತೇಳು ವರ್ಷ ಕಳೆದಿತ್ತು, ನನ್ನ ಜೇಬಿನ ಪಟ್ಟಿಯಲ್ಲಿ ಅದು ಅಂಕಿಯಾಗಿ ಉಳಿದೇ ಇತ್ತು ಎಂಬುದಷ್ಟೇ ನನ್ನ ಮಾತು. ಹಾಗಾಗಿ ತರಬೇತುದಾರನನ್ನು ದೇವರ ಪಟ್ಟಕ್ಕೇರಿಸುವ ಸಿನಿಮಾ ನೋಡಿದರೆ ನನ್ನಂಥವರಿಗೆ ಬಹಳ ಹಿತವಾಗುತ್ತದೆ. ಹಿತವಾಗಬಾರದು.

ಎರಡನೆಯ ತಕರಾರು ಆಟದ್ದೇ. ಕಪ್ಪುವರ್ಣೀಯರು ಓಡಬಲ್ಲರು, ಹಾರಬಲ್ಲರು, ಆದರೆ ಪಂದ್ಯದ ಕೊನೆಯ ಒತ್ತಡದಲ್ಲಿ ಕಟ್ಟುಪಾಡಿನಿಂದ ಆಡಲಾರರು, ದಾರಿ ತೋರಲು ಅಂಕಣದಲ್ಲಿ ಒಬ್ಬ ಬಿಳಿಯ ಬೇಕು ಎಂಬುದು ಆ ಕಾಲದ ದೊಡ್ಡ ಪೂರ್ವಗ್ರಹ. ಮೇಲೆ ಹೇಳಿದ ಲೆಕ್ಕ ಹುಟ್ಟಿದ್ದೇ ಅದರಿಂದ. ಚಿತ್ರವು ಈ ಪೂರ್ವಗ್ರಹವನ್ನು ಖಂಡಿಸುತ್ತದೆ ನಿಜ, ಆದರೆ ಶಿಸ್ತನ್ನು ಬಿಳಿಯ ತರಬೇತುದಾರನ ಪಾಲಿಗೂ ಚಮತ್ಕಾರವನ್ನು ಹುಡುಗರ ಪಾಲಿಗೂ ಹಂಚಿ, ಎರಡೂ ಬೆರೆತಾಗ ಗೆಲುವು ಬಂತು ಎಂಬಂತೆ ಕಟ್ಟುತ್ತದೆ. ಲೇಖಕರೂ ಹುಡುಗರ “ಹುಟ್ಟು ಚುರುಕುತನ”ವನ್ನು ಕೊಂಡಾಡಿದ್ದಾರೆ. ಅಂತಿಮ ಪಂದ್ಯದ ಅಂಕಪಟ್ಟಿಯನ್ನು ಒಮ್ಮೆ ನೋಡಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಆಟದ ಓಟದಲ್ಲಿ ಬುಟ್ಟಿಗೆ ಹೆಚ್ಚು ಸಲ ಚೆಂಡು ಹಾಕಿದ್ದು ಸೋತ ಕೆಂಟಕಿ: 27 ಸಲ. ಟೆಕ್ಸಸ್ ವೆಸ್ಟರ್ನ್ ಹಾಕಿದ್ದು 22 ಸಲ ಮಾತ್ರ. ಒಂದಕ್ಕೆ ಎರಡರಂತೆ ಲೆಕ್ಕ ಹಾಕಿದರೆ ಕೆಂಟಕಿಗೆ 54, ಇವರಿಗೆ 44. ಹಾಗಾದರೆ ಗೆಲುವು ಎಲ್ಲಿಂದ ಬಂತು? ಫ್ರೀ ಥ್ರೋ ಗೆರೆಯಿಂದ. ಎದುರಾಳಿಯ ಫೌಲಿಗೆ ಸಿಕ್ಕ, ಒಂದಕ್ಕೆ ಒಂದೇ ಅಂಕದ 34 ಫ್ರೀ ಥ್ರೋಗಳಲ್ಲಿ 28ನ್ನು ಆ ಹುಡುಗರು ಬುಟ್ಟಿಗೆ ಹಾಕಿದರು. ಕೆಂಟಕಿಗೆ ಸಿಕ್ಕದ್ದೇ 13, ಹಾಕಿದ್ದು 11.

ಬ್ಯಾಸ್ಕೆಟ್‌ಬಾಲ್ ಆಡದವರಿಗಾಗಿ ಒಂದು ಮಾತು ಹೇಳಬೇಕು. ಫ್ರೀ ಥ್ರೋ ಎಂದರೆ ಎಲ್ಲರೂ ನಿಂತು ನೋಡುತ್ತಿರುವಾಗ ಬುಟ್ಟಿಯ ಹಲಗೆಯಿಂದ ಹದಿನೈದು ಅಡಿ ದೂರದ ಗೆರೆಯ ಹಿಂದೆ ಒಬ್ಬನೇ ನಿಂತು, ಉಸಿರು ಹಿಡಿದು, ದಿನಾ ನೂರು ಸಲ ಮಾಡಿದ ಅದೇ ಚಲನೆಯನ್ನು ನೂರಾ ಒಂದನೆಯ ಸಲ ಮಾಡುವುದು. ಅಲ್ಲಿ ಹಾರಾಟವಿಲ್ಲ, ಚುರುಕುತನವಿಲ್ಲ, ದಾರಿ ತೋರಲು ಪಕ್ಕದಲ್ಲಿ ಯಾರೂ ಇಲ್ಲ. ಕಾಲೇಜು ಆಟದಲ್ಲಿ ಅದಕ್ಕಿಂತ ಒಂಟಿಯಾದ ಜಾಗ ಇನ್ನೊಂದಿಲ್ಲ. ಪೂರ್ವಗ್ರಹ ಯಾವುದನ್ನು ಇವರಿಂದಾಗದು ಎಂದಿತ್ತೋ ಅದರಿಂದಲೇ ಇವರು ಗೆದ್ದರು. ಮೊದಲರ್ಧದಲ್ಲಿ ಬಾಬಿ ಜೋ ಹಿಲ್ ಕೆಂಟಕಿಯ ಗಾರ್ಡ್‌ಗಳ ಕೈಯಿಂದ ಬೆನ್ನುಬೆನ್ನಿಗೆ ಎರಡು ಸಲ ಚೆಂಡು ಕಸಿದುಕೊಂಡು ಹೋಗಿ ಅಂಕ ಗಳಿಸಿದ್ದನ್ನು ಎಲ್ಲರೂ ನೆನೆಯುತ್ತಾರೆ. ಡೇವಿಡ್ ಲ್ಯಾಟಿನ್ ಆರಂಭದಲ್ಲೇ ಕೆಂಟಕಿಯ ಪ್ಯಾಟ್ ರೈಲಿಯ ತಲೆಯ ಮೇಲಿಂದ ಹೊಡೆದ ಡಂಕ್ ಅನ್ನೂ, ಅಂದರೆ ಮೇಲೆ ಹಾರಿ ಚೆಂಡನ್ನು ಕೈಯಿಂದಲೇ ಬುಟ್ಟಿಯೊಳಗೆ ತುರುಕಿದ್ದನ್ನೂ ನೆನೆಯುತ್ತಾರೆ. ಅವು ನೆನೆಯತಕ್ಕವೇ. ಅಂದಹಾಗೆ ಮರುವರ್ಷವೇ, 1967ರಲ್ಲಿ, ಕಾಲೇಜು ಆಟದಲ್ಲಿ ಡಂಕ್ ಹೊಡೆಯುವುದನ್ನು ನಿಷೇಧಿಸಿದರು. 1976ರವರೆಗೆ ಆ ನಿಷೇಧ ಮುಂದುವರಿಯಿತು. ಕಾರಣ ಏನೇ ಹೇಳಿರಲಿ, ಯಾರ ಆಟಕ್ಕೆ ಅದು ತಟ್ಟಿತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಪಂದ್ಯ ಗೆದ್ದದ್ದು ಆ 28 ಫ್ರೀ ಥ್ರೋಗಳಿಂದ, ಮತ್ತು ಬುಟ್ಟಿಯ ಕೆಳಗೆ ಜಾಗ ಬಿಟ್ಟುಕೊಡದ ರಕ್ಷಣೆಯಿಂದ. ಚಿತ್ರ ತೋರಿಸುವ ವಸತಿನಿಲಯದವರು ಈ ಅಂಕಪಟ್ಟಿಯನ್ನು ಪರದೆಯ ಪಕ್ಕದಲ್ಲಿ ಹಚ್ಚಬೇಕೆಂದು ನನ್ನ ವಿನಂತಿ.

ಸಿನಿಮಾ ಒಂದು ರಾತ್ರಿಯನ್ನು ಎತ್ತಿ ಹಿಡಿಯುವುದರಿಂದ, ಎಲ್ಲವೂ ಆ ರಾತ್ರಿಯೇ ಶುರುವಾಯಿತು ಎಂದು ಮಕ್ಕಳು ತಿಳಿಯುವ ಅಪಾಯವೂ ಇದೆ. ಅದಕ್ಕೆ ಇಪ್ಪತ್ತೆರಡು ವರ್ಷ ಮೊದಲು, 1944ರ ಮಾರ್ಚ್ 12ರ ಭಾನುವಾರ ಬೆಳಿಗ್ಗೆ, ನಾರ್ತ್ ಕೆರೊಲಿನಾ ರಾಜ್ಯದ ಡರ್‌ಹ್ಯಾಮ್ ಊರಿನಲ್ಲಿ ಜನರೆಲ್ಲ ಚರ್ಚಿಗೆ ಹೋಗಿದ್ದ ಹೊತ್ತಿನಲ್ಲಿ, ಕಪ್ಪುವರ್ಣೀಯರ ಕಾಲೇಜೊಂದರ ಒಳಾಂಗಣಕ್ಕೆ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯ ಬಿಳಿಯ ತಂಡವೊಂದು ಗುಟ್ಟಾಗಿ ಬಂದು ಆಡಿತು. ಬಾಗಿಲಿಗೆ ಬೀಗ ಹಾಕಿದ್ದರು. ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ, ಚಪ್ಪಾಳೆ ಇರಲಿಲ್ಲ, ಮರುದಿನದ ಪತ್ರಿಕೆಯಲ್ಲಿ ಒಂದು ಸಾಲೂ ಬರಲಿಲ್ಲ. ಬಂದಿದ್ದರೆ ಆಡಿದವರು ಜೈಲು ಕಾಣಬೇಕಿತ್ತು, ಇಲ್ಲವೆ ಅದಕ್ಕಿಂತ ಕೆಟ್ಟದ್ದನ್ನು. ಕಪ್ಪು ಹುಡುಗರು 88–44ರಿಂದ ಗೆದ್ದರು. ಆಮೇಲೆ ಎರಡೂ ಕಡೆಯವರು ಕಲೆತು ಬೇರೆ ಎರಡು ತಂಡಗಳಾಗಿ ಹಂಚಿಕೊಂಡು ಇನ್ನೊಂದು ಆಟ ಆಡಿದರು. ಆ ಕಾಲೇಜಿನ ತರಬೇತುದಾರ ಜಾನ್ ಮೆಕ್‌ಲೆಂಡನ್, ಬ್ಯಾಸ್ಕೆಟ್‌ಬಾಲನ್ನು 1891ರಲ್ಲಿ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಅವರ ಬಳಿಯೇ ಕನ್ಸಾಸ್ ವಿಶ್ವವಿದ್ಯಾಲಯದಲ್ಲಿ ಪಾಠ ಕಲಿತವರು. ಆದರೆ ಅದೇ ವಿಶ್ವವಿದ್ಯಾಲಯದ ತಂಡದಲ್ಲಿ ಆಡಲು ಅವರ ಬಣ್ಣ ಅಡ್ಡಬಂದಿತ್ತು. ಈ ಪಂದ್ಯದ ಸುದ್ದಿ ಲೋಕಕ್ಕೆ ತಿಳಿದದ್ದು ಐವತ್ತು ವರ್ಷ ಕಳೆದ ಮೇಲೆ. ನನ್ನನ್ನು ಕೇಳಿದರೆ ಸಿನಿಮಾ ಆಗಬೇಕಾದದ್ದು ಆ ಬೀಗ ಹಾಕಿದ ಬೆಳಗು. ಅಲ್ಲಿ ಯಾವ ಪ್ರಶಸ್ತಿಯೂ ಇರಲಿಲ್ಲ, ಆಟವೊಂದೇ ಇತ್ತು.

1963ರಲ್ಲಿ ಮಿಸ್ಸಿಸಿಪ್ಪಿ ಸ್ಟೇಟ್ ವಿಶ್ವವಿದ್ಯಾಲಯದ ಬಿಳಿಯ ಹುಡುಗರು, ಕಪ್ಪುವರ್ಣೀಯರಿದ್ದ ಶಿಕಾಗೋದ ಲಯೋಲಾ ತಂಡದ ಎದುರು ಆಡುವುದನ್ನು ತಡೆಯಲು ತಮ್ಮದೇ ರಾಜ್ಯದಲ್ಲಿ ಕೋರ್ಟ್ ಆದೇಶ ಹೊರಟಾಗ, ಅದು ಕೈಗೆ ಬರುವ ಮೊದಲೇ ಗಡಿ ದಾಟಿ ಮಿಷಿಗನ್‌ಗೆ ಹೋಗಿ ಆಡಿ, 61–51ರಿಂದ ಸೋತು ಬಂದರು. ಇದನ್ನೂ ಮಕ್ಕಳಿಗೆ ಹೇಳಬೇಕು, ಸೋಲಲು ರಾಜ್ಯ ಬಿಟ್ಟು ಓಡಿಹೋದವರ ಕಥೆ ಅಪರೂಪದ್ದು.

ನಮ್ಮಲ್ಲೇನು ಕಡಿಮೆ ಇತ್ತು? ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ ಎಂಬ ದಲಿತ ಬೌಲರ್ ಪುಣೆಯಲ್ಲಿ ಬಿಳಿಯರಿಗೆ ನೆಟ್ಟಿನಲ್ಲಿ ಚೆಂಡೆಸೆಯುತ್ತ ಬೆಳೆದು, ಕ್ರಿಕೆಟ್ ತಂಡಗಳು ಧರ್ಮವಾರು ಇದ್ದ ಆ ಕಾಲದಲ್ಲಿ ಹಿಂದೂ ತಂಡಕ್ಕೆ ಆಡಲು ಬಂದಾಗ, ಅವನ ಚೆಂಡನ್ನು ಕೈಯಲ್ಲಿ ಹಿಡಿಯುತ್ತಿದ್ದ ಅದೇ ಸಹ ಆಟಗಾರರು ಚಹಾದ ವೇಳೆಗೆ ಒಳಗೆ ಹೋಗಿ ಕಪ್ಪುಬಸಿಯಲ್ಲಿ ಕುಡಿಯುತ್ತಿದ್ದರು. ಅವನಿಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದರು. 1911ರಲ್ಲಿ ಭಾರತದ ತಂಡ ಇಂಗ್ಲೆಂಡ್ ಪ್ರವಾಸ ಹೋದಾಗ ಎಲ್ಲರಿಗಿಂತ ಹೆಚ್ಚು ವಿಕೆಟ್ ಪಡೆದವನು ಅವನೇ. ಆದರೂ ಹಿಂದೂ ತಂಡದ ನಾಯಕತ್ವ ಅವನಿಗೆ ಸಿಗಲಿಲ್ಲ; 1923ರಲ್ಲಿ ಅವನ ತಮ್ಮ ವಿಠ್ಠಲನಿಗೆ ಸಿಕ್ಕಿತು. ಕನ್ನಡದ ನೆಲದಲ್ಲಿ ಹುಟ್ಟಿದ ಈ ಮನುಷ್ಯನ ಹೆಸರನ್ನು ನನ್ನ ಮೂವತ್ತಮೂರು ವರ್ಷದ ನೌಕರಿಯಲ್ಲಿ ಯಾವ ಕ್ರೀಡಾ ದಿನಾಚರಣೆಯ ಭಾಷಣದಲ್ಲೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಲ್ ಪಾಸೊದ ಹುಡುಗರಿಗೆ ಕಣ್ಣೀರು ಹಾಕುವುದು ನಮಗೆ ಸಲೀಸು, ಅವರು ದೂರದಲ್ಲಿದ್ದಾರೆ.

ಹ್ಯಾಸ್ಕಿನ್ಸ್ ಅವರಿಗೆ ಅನ್ಯಾಯ ಮಾಡುವ ಉದ್ದೇಶ ನನಗಿಲ್ಲ. ಗೆದ್ದ ಮೇಲೆ ಅವರಿಗೆ ದ್ವೇಷದ ಪತ್ರಗಳು ರಾಶಿಗಟ್ಟಲೆ ಬಂದವು. 2008ರಲ್ಲಿ ತೀರಿಕೊಳ್ಳುವವರೆಗೂ ಅವರು ಎಲ್ ಪಾಸೊ ಬಿಡಲಿಲ್ಲ. ನಾನು ಪಟ್ಟಿ ಬರೆದುಕೊಟ್ಟ ರಾತ್ರಿ ನನ್ನಿಂದಾಗದ್ದನ್ನು ಅವರು ಋತುವಿಡೀ ಮಾಡಿದರು. ಆದರೆ 2007ರಲ್ಲಿ ನೈಸ್ಮಿತ್ ಹೆಸರಿನ ಕೀರ್ತಿ ಮಂದಿರಕ್ಕೆ ಸೇರಿಸಿದ್ದು ಇಡೀ ತಂಡವನ್ನು ಎಂಬುದನ್ನೂ ಗಮನಿಸಬೇಕು. ನಿಮ್ಮ ಲೇಖನಕ್ಕೆ ತಿದ್ದುಪಡಿ ಹಾಕುವ ಪದ್ಧತಿ ಇದ್ದರೆ, ಬಿಟ್ಟುಹೋದ ಏಳು ಹೆಸರುಗಳನ್ನು ದಯವಿಟ್ಟು ಪ್ರಕಟಿಸಿ: ಡೆಟ್ರಾಯಿಟ್ ಕಡೆಯ ಬಾಬಿ ಜೋ ಹಿಲ್, ಗ್ಯಾರಿ ಊರಿನ ಆರ್ಸ್ಟೆನ್ ಆರ್ಟಿಸ್ ಮತ್ತು ಹ್ಯಾರಿ ಫ್ಲೋರ್ನಾಯ್, ಹ್ಯೂಸ್ಟನ್‌ನ ಡೇವಿಡ್ ಲ್ಯಾಟಿನ್, ನ್ಯೂಯಾರ್ಕ್‌ನ ವಿಲ್ಲಿ ವರ್ಸ್ಲಿ, ನೆವಿಲ್ ಶೆಡ್ ಮತ್ತು ವಿಲ್ಲಿ ಕೇಜರ್.

ಎಂಟನೆಯ ಹೆಸರೊಂದು ನನ್ನ ಬಳಿ ಇದೆ. ಅದನ್ನು ಅಚ್ಚು ಮಾಡಿಸಲು ಅವನನ್ನು ಕೇಳಬೇಕು, ಇನ್ನೂ ಕೇಳಿಲ್ಲ.

ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಕ
ಬ್ರಹ್ಮಪುರ, ಕಲಬುರಗಿ